ಸಿಸೇರಿಯನ್ ಕಲೆಯಲ್ಲಿ ತಿಂಗಳಿಗೊಮ್ಮೆ ನೋಯುವ ಗಂಟು: ಗುರುತಿಸುವ ಬಗೆ, ಚಿಕಿತ್ಸೆಯ ದಾರಿ

ಸಿಸೇರಿಯನ್ ಹೆರಿಗೆಯಾಗಿ ಕೆಲವು ವರ್ಷ ಕಳೆದ ಮೇಲೆ, ಹೊಲಿಗೆ ಹಾಕಿದ ಗೆರೆಯ ಒಂದು ತುದಿಯಲ್ಲಿ ಗಟ್ಟಿಯಾದ ಚಿಕ್ಕ ಗಂಟೊಂದು ಕೈಗೆ ಸಿಗುತ್ತದೆ. ಮುಟ್ಟು ಹತ್ತಿರವಾದಂತೆ ಅದು ಬಿಗಿದುಕೊಂಡು ನೋಯತೊಡಗುತ್ತದೆ, ಮುಟ್ಟು ಮುಗಿದು ಕೆಲವು ದಿನಗಳಲ್ಲಿ ನೋವು ತಾನಾಗಿ ಇಳಿಯುತ್ತದೆ, ಮುಂದಿನ ತಿಂಗಳು ಮತ್ತೆ ಅದೇ ಪಾಡು. ಈ ತೊಂದರೆಯನ್ನು ವೈದ್ಯರು ಗಾಯದ ಕಲೆಯ ಎಂಡೋಮೆಟ್ರಿಯೋಸಿಸ್ ಎಂದು ಕರೆಯುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಸಾಮಾನ್ಯವಾಗಿ ಜೀವಕ್ಕೆ ಅಪಾಯ ತರುವಂಥದ್ದೂ ಅಲ್ಲ. ಆದರೆ ಸರಿಯಾಗಿ ಗುರುತಿಸದೆ ಬಿಟ್ಟರೆ ಒಬ್ಬ ಮಹಿಳೆಯನ್ನು ವರ್ಷಗಟ್ಟಲೆ ತಿಂಗಳು ತಿಂಗಳೂ ಹೈರಾಣು ಮಾಡುತ್ತದೆ.

ಸಿಸೇರಿಯನ್ ಆದವರಲ್ಲಿ ಈ ಕಾಯಿಲೆ ಕಾಣಿಸಿಕೊಳ್ಳುವ ಪ್ರಮಾಣವನ್ನು ವೈದ್ಯಕೀಯ ಸಾಹಿತ್ಯದಲ್ಲಿ ಸಾಮಾನ್ಯವಾಗಿ ಶೇ 0.03ರಿಂದ ಶೇ 0.4ರವರೆಗೆ ಎಂದು ಹೇಳಲಾಗುತ್ತದೆ. ಅಂದರೆ ಹತ್ತು ಸಾವಿರ ಮಂದಿಯಲ್ಲಿ 3ರಿಂದ 40 ಮಂದಿಗೆ. ಲೆಕ್ಕಕ್ಕೆ ಇದು ಅಪರೂಪವೇ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆರಿಗೆಗಳಲ್ಲಿ ಶೇ 21.5ರಷ್ಟು, ಕರ್ನಾಟಕದಲ್ಲಿ ಶೇ 31.5ರಷ್ಟು ಸಿಸೇರಿಯನ್ ಮೂಲಕವೇ ಆಗಿವೆ. ಮೂರರಲ್ಲಿ ಒಂದರಷ್ಟು ಹೆರಿಗೆಗಳು ಶಸ್ತ್ರಕ್ರಿಯೆಯಿಂದ ಆಗುವ ರಾಜ್ಯದಲ್ಲಿ ಇಂಥ ಗಂಟು ಹೊತ್ತು ತಿರುಗುವವರು ಊರೂರಲ್ಲೂ ಇದ್ದಾರು ಎಂದು ಭಾವಿಸಿಯೇ ವೈದ್ಯರು ಮತ್ತು ಮನೆಯವರು ನಡೆದುಕೊಳ್ಳಬೇಕು.

ಇಷ್ಟಾದರೂ ರೋಗ ಬೇಗ ಪತ್ತೆಯಾಗದೆ ಇರುವುದಕ್ಕೆ ಕಾರಣ ಸರಳವಾಗಿದೆ. ಹೊಟ್ಟೆಯ ಮೇಲೆ ಗಂಟು ಎಂದೊಡನೆ ಮಹಿಳೆ ಸಾಮಾನ್ಯ ಶಸ್ತ್ರಚಿಕಿತ್ಸಕರ ಬಳಿ ಹೋಗುತ್ತಾಳೆ, ಅಲ್ಲಿ ಮುಟ್ಟಿನ ಮಾತು ಬರುವುದಿಲ್ಲ. ಸ್ತ್ರೀರೋಗ ತಜ್ಞರ ಬಳಿ ಹೋದರೆ ಗರ್ಭಕೋಶ, ಅಂಡಾಶಯಗಳ ಸ್ಕ್ಯಾನಿಂಗ್ ಆಗಿ ಎಲ್ಲವೂ ಸರಿಯಾಗಿದೆ ಎಂಬ ವರದಿ ಬರುತ್ತದೆ, ಕಲೆಯ ಮೇಲೆ ಯಾರೂ ಕೈಯಿಟ್ಟು ನೋಡುವುದಿಲ್ಲ. ನೋವಿನ ತಾರೀಖನ್ನೂ ಮುಟ್ಟಿನ ತಾರೀಖನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ರೋಗ ಅರ್ಧಕ್ಕಿಂತ ಹೆಚ್ಚು ಬಯಲಾದಂತೆಯೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದೆ ಬರೆದಿರುವುದೆಲ್ಲ ಅದರ ಮೇಲೆಯೇ ನಿಂತಿದೆ.

ಗಂಟು ಹುಟ್ಟುವುದು ಹೇಗೆ

ಗರ್ಭಕೋಶದ ಒಳಗೋಡೆಗೆ ಎಂಡೋಮೆಟ್ರಿಯಂ ಎಂಬ ಪದರವಿದೆ. ಹಾರ್ಮೋನುಗಳ ಏರಿಳಿತಕ್ಕೆ ತಕ್ಕಂತೆ ಅದು ಪ್ರತಿ ತಿಂಗಳೂ ಬೆಳೆದು, ಕಳಚಿ, ರಕ್ತದೊಂದಿಗೆ ಹೊರಹೋಗುತ್ತದೆ. ಇದೇ ಬಗೆಯ ಅಂಗಾಂಶ ಗರ್ಭಕೋಶದ ಹೊರಗೆ ಬೇರೂರಿದರೆ ಅದಕ್ಕೆ ಎಂಡೋಮೆಟ್ರಿಯೋಸಿಸ್ ಎಂದು ಹೆಸರು. ಹೊಟ್ಟೆಯೊಳಗೆ, ಅಂಡಾಶಯದ ಮೇಲೆ ಅದು ಹೇಗೆ ಬೆಳೆಯುತ್ತದೆ ಎಂಬುದಕ್ಕೆ ಅಮೆರಿಕದ ಜಾನ್ ಸ್ಯಾಂಪ್ಸನ್ 1920ರ ದಶಕದಲ್ಲಿ ಮಂಡಿಸಿದ, ಮುಟ್ಟಿನ ರಕ್ತ ಹಿಮ್ಮುಖವಾಗಿ ಹರಿಯುತ್ತದೆ ಎಂಬ ವಾದ ಪ್ರಸಿದ್ಧವಾಗಿದೆ. ಅದರ ಸುತ್ತ ಚರ್ಚೆ ಇನ್ನೂ ನಡೆದಿದೆ. ಗಾಯದ ಕಲೆಯ ವಿಷಯದಲ್ಲಿ ಅಷ್ಟು ಗೊಂದಲವಿಲ್ಲ. ಸಿಸೇರಿಯನ್ ಮಾಡುವಾಗ ಗರ್ಭಕೋಶವನ್ನು ತೆರೆಯಲೇಬೇಕು, ಆಗ ಒಳಪದರದ ಕೆಲವು ಜೀವಕೋಶಗಳು ಗಾಯದ ಅಂಚಿಗೆ ತಾಗಿ ಚರ್ಮದ ಕೆಳಗಿನ ಕೊಬ್ಬಿನಲ್ಲೋ, ಸ್ನಾಯುವನ್ನು ಮುಚ್ಚಿರುವ ಬಿಳಿಯ ಗಟ್ಟಿ ಪೊರೆಯಲ್ಲೋ ಉಳಿದುಬಿಡುತ್ತವೆ. ಬಹುಪಾಲು ಮಹಿಳೆಯರಲ್ಲಿ ಅವು ಅಲ್ಲಿಯೇ ನಾಶವಾಗುತ್ತವೆ. ಕೆಲವರಲ್ಲಿ ಮಾತ್ರ ರಕ್ತನಾಳಗಳನ್ನು ಸೆಳೆದುಕೊಂಡು ಬೆಳೆಯುತ್ತವೆ.

ಹಾಗೆ ಬೆಳೆದ ಅಂಗಾಂಶವೂ ಹಾರ್ಮೋನಿನ ಮಾತನ್ನು ಕೇಳುತ್ತದೆ. ಪ್ರತಿ ತಿಂಗಳೂ ಅಲ್ಲಿ ಒಂದಿಷ್ಟು ರಕ್ತ ಒಸರುತ್ತದೆ, ಹೊರಹೋಗಲು ದಾರಿಯಿಲ್ಲದೆ ಸುತ್ತಲಿನ ಅಂಗಾಂಶವನ್ನು ಕೆರಳಿಸುತ್ತದೆ, ದೇಹ ಅದನ್ನು ನಾರಿನಂಥ ಗಟ್ಟಿ ಪದರದಿಂದ ಸುತ್ತುತ್ತದೆ. ಗಂಟು ವರ್ಷದಿಂದ ವರ್ಷಕ್ಕೆ ಗಟ್ಟಿಯಾಗುವುದು ಈ ಕಾರಣಕ್ಕೆ. ಹೆರಿಗೆಯ ನಂತರ ಮೊಲೆಯೂಡಿಸುವ ತಿಂಗಳುಗಳಲ್ಲಿ ಹಲವರಿಗೆ ಮುಟ್ಟು ಬರುವುದಿಲ್ಲವಾದ್ದರಿಂದ ಆಗ ನೋವೂ ಇರುವುದಿಲ್ಲ. ಆದ್ದರಿಂದಲೇ ಶಸ್ತ್ರಕ್ರಿಯೆಗೂ ಗಂಟಿಗೂ ನಡುವೆ ಕೆಲವು ತಿಂಗಳುಗಳಿಂದ ಹಲವು ವರ್ಷಗಳವರೆಗೆ ಅಂತರ ಬೀಳುತ್ತದೆ, ಎರಡಕ್ಕೂ ನಂಟಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬಾಣಂತನದಲ್ಲಿ ಪಥ್ಯ ತಪ್ಪಿದ್ದರಿಂದ, ಬದನೆಕಾಯಿಯಂಥ ನಂಜಿನ ಪದಾರ್ಥ ತಿಂದದ್ದರಿಂದ, ಬೇಗ ಎದ್ದು ನೀರು ಹೊತ್ತದ್ದರಿಂದ ಈ ಗಂಟು ಬಂದಿತೆಂದು ಮನೆಯವರು ಹೇಳುವುದುಂಟು. ಇವು ಯಾವುವೂ ಕಾರಣವಲ್ಲ. ಹೊಲಿಗೆ ಹಾಕಿದವರ ಅಜಾಗ್ರತೆಯೇ ಕಾರಣ ಎಂದು ಒಮ್ಮೆಗೇ ತೀರ್ಮಾನಿಸುವುದೂ ನ್ಯಾಯವಲ್ಲ. ಎಷ್ಟೇ ಎಚ್ಚರ ವಹಿಸಿ ಮಾಡಿದ ಶಸ್ತ್ರಕ್ರಿಯೆಯ ನಂತರವೂ ಇದು ಬರಬಹುದು. ಆ ಮಹಿಳೆಯಂತೂ ಇದಕ್ಕೆ ಯಾವ ರೀತಿಯಲ್ಲೂ ಹೊಣೆಯಲ್ಲ.

ಮನೆಯಲ್ಲಿ ಮಾಡಬೇಕಾದ ಮೊದಲ ಕೆಲಸ

ಆಸ್ಪತ್ರೆಗೆ ಹೋಗುವ ಮುನ್ನ ಎರಡು ಮುಟ್ಟಿನ ಅವಧಿಯ ವಿವರವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಅಡುಗೆಮನೆಯ ಗೋಡೆಯ ಮೇಲಿನ ಕ್ಯಾಲೆಂಡರೇ ಸಾಕು. ಮುಟ್ಟು ಶುರುವಾದ ದಿನ ಮತ್ತು ನಿಂತ ದಿನಕ್ಕೆ ಒಂದು ಗುರುತು, ಗಂಟು ನೋಯ್ದ ಪ್ರತಿ ದಿನಕ್ಕೆ ಇನ್ನೊಂದು ಗುರುತು, ಪಕ್ಕದಲ್ಲಿ ನೋವಿನ ತೀವ್ರತೆಗೆ ಸೊನ್ನೆಯಿಂದ ಹತ್ತರವರೆಗಿನ ಒಂದು ಅಂಕಿ. ನೋವಿನ ಮಾತ್ರೆ ತೆಗೆದುಕೊಂಡಿದ್ದರೆ ಅದನ್ನೂ ಬರೆಯಬೇಕು, ಏಕೆಂದರೆ ಮಾತ್ರೆಯಿಂದ ನೋವು ಮುಚ್ಚಿಹೋದ ದಿನವನ್ನು ನೋವಿಲ್ಲದ ದಿನವೆಂದು ಎಣಿಸಿದರೆ ಚಿತ್ರ ತಪ್ಪುತ್ತದೆ. ಮುಟ್ಟಿಗೆ ಒಂದೆರಡು ದಿನ ಮುಂಚೆ ಶುರುವಾಗಿ, ಮುಟ್ಟಿನ ದಿನಗಳಲ್ಲಿ ಏರಿ, ಬಳಿಕ ಇಳಿಯುವ ನೋವು ಎರಡು ಬಾರಿಯೂ ಕಂಡರೆ ಅದು ಬಲವಾದ ಸುಳಿವು.

ಆದರೆ ಹೀಗೆ ಲೆಕ್ಕಕ್ಕೆ ಸಿಗದ ನೋವೂ ಇರುತ್ತದೆ. ಗಣನೀಯ ಸಂಖ್ಯೆಯ ಮಹಿಳೆಯರಲ್ಲಿ ನೋವು ತಿಂಗಳಿಡೀ ಒಂದೇ ಸಮನೆ ಕಾಡಬಹುದು, ವಿಶೇಷವಾಗಿ ಗಂಟು ಹಳೆಯದಾಗಿ ಸುತ್ತಲಿನ ನರಗಳನ್ನು ಎಳೆದುಕೊಂಡಿದ್ದರೆ. ಮುಟ್ಟಿಗೂ ನೋವಿಗೂ ಹೊಂದಿಕೆ ಕಾಣಲಿಲ್ಲ ಎಂಬ ಒಂದೇ ಕಾರಣಕ್ಕೆ ಈ ರೋಗವಲ್ಲ ಎಂದು ಕೈಬಿಡಬಾರದು. ಗರ್ಭಕೋಶ ತೆಗೆಸಿಕೊಂಡು ಅಂಡಾಶಯಗಳನ್ನು ಉಳಿಸಿಕೊಂಡಿರುವವರ ವಿಷಯವೂ ಹೀಗೆಯೇ: ಅವರಿಗೆ ಮುಟ್ಟು ಬರುವುದಿಲ್ಲ, ಆದರೆ ಅಂಡಾಶಯದ ಹಾರ್ಮೋನು ಏರಿಳಿಯುತ್ತಲೇ ಇರುವುದರಿಂದ ಗಂಟು ಸುಮಾರು ನಾಲ್ಕು ವಾರಗಳಿಗೊಮ್ಮೆ ನೋಯಬಹುದು. ಅವರು ನೋವಿನ ದಿನಗಳನ್ನಷ್ಟೇ ಗುರುತು ಹಾಕಿದರೂ ಆ ಅಂತರ ಎದ್ದು ಕಾಣುತ್ತದೆ.

ಗಂಟನ್ನು ಒತ್ತುವುದು, ತಿಕ್ಕುವುದು, ಬಿಸಿ ಶಾಖ ಕೊಟ್ಟು ಕರಗಿಸಲು ಹೋಗುವುದು ಬೇಡ. ಮುಟ್ಟಿನ ದಿನಗಳಲ್ಲಿ ಮೇಲಿನ ಚರ್ಮ ನೀಲಿ ಅಥವಾ ಕಂದು ಬಣ್ಣಕ್ಕೆ ತಿರುಗಿದರೆ, ಅಪರೂಪಕ್ಕೆ ಕಲೆಯಿಂದ ರಕ್ತ ಜಿನುಗಿದರೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ವೈದ್ಯರನ್ನು ಕಾಣುವ ದಿನ ಅದು ಮಾಯವಾಗಿರಬಹುದು. ಹೆರಿಗೆಯಾದ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿ, ಹಳೆಯ ಸ್ಕ್ಯಾನಿಂಗ್ ವರದಿಗಳು ಜೊತೆಗಿರಲಿ.

ವೈದ್ಯರ ಕೊಠಡಿಯಲ್ಲಿ

ಹೊಟ್ಟೆಯಲ್ಲಿ ಶಸ್ತ್ರಕ್ರಿಯೆಯ ಕಲೆ, ಕಲೆಯಲ್ಲಿ ಅಥವಾ ಅದರ ಪಕ್ಕದಲ್ಲಿ ಗಂಟು, ಮುಟ್ಟಿನೊಂದಿಗೆ ಏರಿಳಿಯುವ ನೋವು: ಈ ಮೂರೂ ಒಟ್ಟಿಗೆ ಇದ್ದರೆ ಬೇರೆ ಯಾವ ಪರೀಕ್ಷೆಗೂ ಮುಂಚೆ ಗಾಯದ ಕಲೆಯ ಎಂಡೋಮೆಟ್ರಿಯೋಸಿಸ್ ಎಂದೇ ಮೊದಲು ಯೋಚಿಸಬೇಕು. ಇದನ್ನು ಕೇಳಿ ತಿಳಿಯುವುದು ಸುಲಭ, ಆದರೆ ಕೇಳುವ ಸಂದರ್ಭ ಕೂಡಿಬರಬೇಕು. ಅತ್ತೆಯೋ ಗಂಡನೋ ಪಕ್ಕದಲ್ಲಿ ಕೂತು ಉತ್ತರವನ್ನು ತಾವೇ ಕೊಡುತ್ತಿರುವಾಗ ಮುಟ್ಟಿನ ನೋವಿನ ಬಗ್ಗೆ ಹಲವರು ಬಾಯಿ ಬಿಡುವುದಿಲ್ಲ. ಪರೀಕ್ಷೆಗೆಂದು ಪರದೆಯ ಹಿಂದೆ ಕರೆದುಕೊಂಡು ಹೋದಾಗ, ನರ್ಸ್ ಒಬ್ಬರನ್ನು ಜೊತೆಗಿಟ್ಟುಕೊಂಡು, “ಏನಮ್ಮಾ, ತಿಂಗಳದ್ದು ಆದಾಗ ಇದು ಜಾಸ್ತಿ ನೋಯುತ್ತದೆಯೇ? ಆಗ ದಪ್ಪ ಆಗುತ್ತದೆಯೇ?” ಎಂದು ಕೇಳಿದರೆ, “ಹೌದು ಡಾಕ್ಟ್ರೇ, ಆವಾಗ ಸೀರೆಯ ಗಂಟು ಕಟ್ಟುವುದಕ್ಕೂ ಆಗುವುದಿಲ್ಲ” ಎಂಬಂಥ ಉತ್ತರ ತಟ್ಟನೆ ಬರುತ್ತದೆ.

ಕೈಯಿಂದ ಮುಟ್ಟಿ ನೋಡುವ ಪರೀಕ್ಷೆಯನ್ನು ಅವಸರವಿಲ್ಲದೆ ಮಾಡಬೇಕು. ಇಂದು ಹೆಚ್ಚಿನ ಸಿಸೇರಿಯನ್‌ಗಳಲ್ಲಿ ಕೆಳಹೊಟ್ಟೆಯ ಮೇಲೆ ಅಡ್ಡಲಾಗಿ ಸೀಳುತ್ತಾರೆ. ಜರ್ಮನಿಯ ಫಾನೆನ್‌ಸ್ಟೀಲ್ 1900ರಲ್ಲಿ ವಿವರಿಸಿದ ಈ ಅಡ್ಡ ಸೀಳಿನಲ್ಲಿ ಗಂಟು ಬಹಳ ಸಲ ಎಡ ಅಥವಾ ಬಲ ತುದಿಯಲ್ಲಿ ಇರುತ್ತದೆ. ಆದ್ದರಿಂದ ಕಲೆಯ ಉದ್ದಕ್ಕೂ, ಎರಡೂ ತುದಿಗಳಿಂದ ಒಂದೆರಡು ಅಂಗುಲ ಆಚೆಗೂ ಬೆರಳಾಡಿಸಿ ನೋಡಬೇಕು. ಮಹಿಳೆ ಅಂಗಾತ ಮಲಗಿರುವಾಗ ನೋವಿರುವ ಬಿಂದುವಿನ ಮೇಲೆ ಒಂದು ಬೆರಳಿಟ್ಟು ಮೆಲ್ಲಗೆ ಒತ್ತಿ ಹಿಡಿಯಿರಿ. ಕೈಯ ಆಸರೆಯಿಲ್ಲದೆ ತಲೆ ಮತ್ತು ಭುಜಗಳನ್ನು ಹಾಸಿಗೆಯಿಂದ ಸ್ವಲ್ಪ ಮೇಲೆತ್ತಲು ಅವಳಿಗೆ ಹೇಳಿ. ಹೊಟ್ಟೆಯ ಸ್ನಾಯುಗಳು ಬಿಗಿದಾಗ ನೋವು ಹೆಚ್ಚಾದರೆ ಅಥವಾ ಹಾಗೆಯೇ ಉಳಿದರೆ ನೋವಿನ ಮೂಲ ಹೊಟ್ಟೆಯ ಹೊರಪದರಗಳಲ್ಲಿದೆ. ಕಡಿಮೆಯಾದರೆ ಒಳಗಿನ ಅಂಗಗಳಲ್ಲಿ ಹುಡುಕಬೇಕು. ಕಾರ್ನೆಟ್ ಎಂಬ ಶಸ್ತ್ರಚಿಕಿತ್ಸಕರು 1926ರಲ್ಲಿ ತಿಳಿಸಿದ ಈ ಪರೀಕ್ಷೆಗೆ ನಿಮಿಷವೂ ಬೇಡ, ಖರ್ಚೂ ಇಲ್ಲ.

ಬಳಿಕ ಅವಳನ್ನು ನಿಲ್ಲಿಸಿ ಕೆಮ್ಮಿಸಿ ನೋಡಬೇಕು. ಕೆಮ್ಮಿದಾಗ ಉಬ್ಬಿ, ಮಲಗಿದಾಗ ಒಳಗೆ ಸರಿಯುವ ಗಂಟು ಹರ್ನಿಯಾ, ಅಂದರೆ ಹೊಟ್ಟೆಯ ಗೋಡೆಯ ತೆರಪಿನಿಂದ ಕರುಳಿನಂಥ ಒಳಭಾಗ ಹೊರಚಾಚಿದ್ದು, ಇರಬಹುದು. ಹೊಲಿಗೆಯ ದಾರದ ಸುತ್ತ ಬೆಳೆದ ಗಂಟು, ಕೊಬ್ಬಿನ ಗಡ್ಡೆ, ಕೀವುಗಟ್ಟಿದ ಬಾವು, ಹೆಪ್ಪುಗಟ್ಟಿದ ರಕ್ತ, ಉಬ್ಬಿದ ಕೀಲಾಯ್ಡ್ ಕಲೆ, ಹೊಲಿಗೆಯಲ್ಲಿ ಸಿಕ್ಕಿಕೊಂಡ ನರ, ಇವೆಲ್ಲವೂ ಇದೇ ಜಾಗದಲ್ಲಿ ಇದೇ ವೇಷದಲ್ಲಿ ಬರುತ್ತವೆ. ಡೆಸ್ಮಾಯ್ಡ್ ಗಡ್ಡೆ ಎಂಬ, ಹರಡದಿದ್ದರೂ ಆಳವಾಗಿ ಬೇರುಬಿಡುವ ಗಡ್ಡೆಯೂ ಹೆರಿಗೆಯಾದ ಮಹಿಳೆಯರ ಹೊಟ್ಟೆಯ ಸ್ನಾಯುವಿನಲ್ಲಿ ಕಾಣಿಸಿಕೊಳ್ಳುತ್ತದೆ. ಸ್ಕ್ಯಾನಿಂಗ್‌ನಲ್ಲಿ ಎರಡನ್ನೂ ಬೇರ್ಪಡಿಸುವುದು ಕೆಲವೊಮ್ಮೆ ಕಷ್ಟ. ಸಂದೇಹ ಬಂದಲ್ಲಿ ಚೂರು ತೆಗೆದು ಪರೀಕ್ಷಿಸುವ ಅಗತ್ಯ ಹುಟ್ಟುವುದು ಇಂಥ ಸಂದರ್ಭದಲ್ಲೇ.

ಗಂಟಿನ ಜೊತೆಗೆ ಮುಟ್ಟಿನಲ್ಲಿ ತಡೆಯಲಾಗದ ಹೊಟ್ಟೆನೋವು, ಲೈಂಗಿಕ ಸಂಪರ್ಕದಲ್ಲಿ ನೋವು, ಮುಟ್ಟಿನ ದಿನಗಳಲ್ಲಿ ಮಲವಿಸರ್ಜನೆಗೆ ನೋವು, ಮಕ್ಕಳಾಗುವಲ್ಲಿ ತಡ ಇವೆಯೇ ಎಂದೂ ಕೇಳಬೇಕು. ಕಲೆಯಲ್ಲಿ ಮಾತ್ರ ಈ ರೋಗವಿದ್ದು ಹೊಟ್ಟೆಯೊಳಗೆ ಏನೂ ಇಲ್ಲದಿರುವುದೇ ಹೆಚ್ಚು. ಆದರೂ ಈ ಲಕ್ಷಣಗಳಿದ್ದವರಿಗೆ ಒಳಗಿನ ಎಂಡೋಮೆಟ್ರಿಯೋಸಿಸ್ ಬಗ್ಗೆ ಪ್ರತ್ಯೇಕವಾಗಿ ತಪಾಸಣೆ ಆಗಬೇಕು.

ಸ್ಕ್ಯಾನಿಂಗ್: ಏನು ಕೇಳಬೇಕೆಂದು ತಿಳಿದಿರಲಿ

ಮೊದಲ ಪರೀಕ್ಷೆ ಅಲ್ಟ್ರಾಸೌಂಡ್. ಆದರೆ ಹೊಟ್ಟೆಯ ಸ್ಕ್ಯಾನಿಂಗ್ ಎಂದಷ್ಟೇ ಚೀಟಿಯಲ್ಲಿ ಬರೆದರೆ ಪ್ರಯೋಜನವಿಲ್ಲ. ಯಕೃತ್ತು, ಮೂತ್ರಪಿಂಡ, ಗರ್ಭಕೋಶಗಳನ್ನು ನೋಡಲು ಬಳಸುವ ಪ್ರೋಬ್ (ಮೈಮೇಲೆ ಆಡಿಸುವ ಸ್ಕ್ಯಾನಿಂಗ್ ಉಪಕರಣ) ಆಳದ ಅಂಗಗಳಿಗೆ ಹೊಂದಿಸಿದ್ದು. ಚರ್ಮದಿಂದ ಒಂದೆರಡು ಸೆಂಟಿಮೀಟರ್ ಕೆಳಗಿರುವ ಗಂಟು ಅದರ ಕಣ್ಣಿಗೆ ತಪ್ಪಿಹೋಗಬಹುದು. ಥೈರಾಯ್ಡ್, ಸ್ತನಗಳ ಪರೀಕ್ಷೆಗೆ ಬಳಸುವ ಹೆಚ್ಚು ಆವರ್ತನದ ಲೀನಿಯರ್ ಪ್ರೋಬ್ ಇಲ್ಲಿಗೆ ಬೇಕು. ಕಲೆಯ ಜಾಗದ ಸ್ಕ್ಯಾನಿಂಗ್, ಎಂಡೋಮೆಟ್ರಿಯೋಸಿಸ್ ಸಂದೇಹ, ಹರ್ನಿಯಾ ಇದೆಯೇ ನೋಡಿ ಎಂದು ವೈದ್ಯರು ಸ್ಪಷ್ಟವಾಗಿ ಬರೆಯಬೇಕು, ಬರೆಯದಿದ್ದರೆ ಮಹಿಳೆಯೇ ನೋಯುವ ಜಾಗಕ್ಕೆ ಬೆರಳಿಟ್ಟು ಸ್ಕ್ಯಾನಿಂಗ್ ಮಾಡುವವರಿಗೆ ತೋರಿಸಬೇಕು. ಸಾಧ್ಯವಾದರೆ ನೋವಿರುವ ದಿನಗಳಲ್ಲೇ ಪರೀಕ್ಷೆ ಮಾಡಿಸುವುದು ಮೇಲು. ಹಲವರು ಮುಟ್ಟಾಗಿದ್ದೇನೆಂದು ಸಂಕೋಚಪಟ್ಟು ಸ್ಕ್ಯಾನಿಂಗನ್ನು ಮುಂದೂಡುತ್ತಾರೆ, ಈ ರೋಗದಲ್ಲಿ ಆ ದಿನಗಳೇ ಅತ್ಯಂತ ಉಪಯುಕ್ತ.

ಚಿತ್ರದಲ್ಲಿ ಗಂಟು ಸುತ್ತಲಿನ ಕೊಬ್ಬಿಗಿಂತ ಕಪ್ಪಾಗಿ, ಒರಟು ಅಂಚುಗಳಿಂದ ಕೂಡಿ, ಕೊಬ್ಬಿನೊಳಗೆ ಮುಳ್ಳುಗಳಂತೆ ಚಾಚಿಕೊಂಡು ಕಾಣುವುದುಂಟು. ಸುತ್ತ ಬಿಳಿಯ ಉಂಗುರವೊಂದು ಇರಬಹುದು. ರಕ್ತದ ಹರಿವನ್ನು ತೋರಿಸುವ ಡಾಪ್ಲರ್‌ನಲ್ಲಿ ಒಳಗೆ ಹೋಗುವ ರಕ್ತನಾಳ ಕಂಡರೆ ಅದು ಬರಿಯ ಹೆಪ್ಪುಗಟ್ಟಿದ ರಕ್ತವಾಗಲಿ ದಾರದ ಗಂಟಾಗಲಿ ಅಲ್ಲ ಎನ್ನುವುದಕ್ಕೆ ಬಲ ಬರುತ್ತದೆ. ವರದಿಯಲ್ಲಿ ಅಳತೆಯ ಜೊತೆಗೆ ಎರಡು ವಿಷಯ ಇರಲೇಬೇಕು: ಗಂಟು ಸ್ನಾಯುವಿನ ಪೊರೆಯನ್ನು ತಾಗಿದೆಯೇ ಅಥವಾ ದಾಟಿದೆಯೇ ಎಂಬುದು, ಮತ್ತು ಚರ್ಮದಿಂದ ಎಷ್ಟು ಆಳದಲ್ಲಿದೆ ಎಂಬುದು. ಶಸ್ತ್ರಕ್ರಿಯೆ ಎಷ್ಟು ದೊಡ್ಡದಾಗುತ್ತದೆ ಎಂಬುದನ್ನು ಈ ಎರಡೇ ನಿರ್ಧರಿಸುತ್ತವೆ.

ಎಂಆರ್‌ಐ ಎಲ್ಲರಿಗೂ ಬೇಕಿಲ್ಲ. ಗಂಟು ದೊಡ್ಡದಾಗಿದ್ದರೆ, ಸ್ನಾಯುವಿನೊಳಗೆ ಇಳಿದಿದ್ದರೆ, ಒಮ್ಮೆ ತೆಗೆದ ಮೇಲೆ ಮತ್ತೆ ಬಂದಿದ್ದರೆ, ಮೂತ್ರಕೋಶದ ಸಮೀಪವಿದ್ದರೆ ಅಥವಾ ರೋಗದ ಬಗ್ಗೆ ಅನುಮಾನ ಉಳಿದಿದ್ದರೆ ಅದರ ಖರ್ಚು ಸಾರ್ಥಕ. ಹಳೆಯ ರಕ್ತದ ಕುರುಹುಗಳು ಅದರಲ್ಲಿ ಬೆಳ್ಳಗೆ ಹೊಳೆಯುವುದರಿಂದ ರೋಗದ ಗುರುತೂ ಸಿಗುತ್ತದೆ, ವ್ಯಾಪ್ತಿಯೂ ತಿಳಿಯುತ್ತದೆ. ಸಿಟಿ ಸ್ಕ್ಯಾನ್ ಅಷ್ಟು ನೆರವಾಗುವುದಿಲ್ಲ. ಸಿಎ-125 ಎಂಬ ರಕ್ತಪರೀಕ್ಷೆಯನ್ನು ಈ ಗಂಟಿಗಾಗಿ ಮಾಡಿಸಬೇಕಾಗಿಲ್ಲ; ಅದು ಸಾಮಾನ್ಯ ಮಟ್ಟದಲ್ಲಿದ್ದರೂ ರೋಗ ಇರಬಹುದು, ಏರಿದ್ದರೆ ಬೇರೆ ಹತ್ತಾರು ಕಾರಣಗಳಿರಬಹುದು, ಕೊನೆಗೆ ಸಿಗುವುದು ಅನಗತ್ಯ ಭಯವಷ್ಟೇ.

ಸೂಜಿ ಪರೀಕ್ಷೆ ಯಾವಾಗ

ಲಕ್ಷಣಗಳೂ ಸ್ಕ್ಯಾನಿಂಗ್ ವರದಿಯೂ ಒಂದಕ್ಕೊಂದು ಹೊಂದಿದ್ದು, ಹೇಗೂ ಗಂಟನ್ನು ತೆಗೆಯುವುದೆಂದು ತೀರ್ಮಾನವಾಗಿದ್ದರೆ ಸೂಜಿ ಚುಚ್ಚಿ ಪರೀಕ್ಷಿಸುವ ಅಗತ್ಯ ಇರುವುದಿಲ್ಲ. ಸೂಜಿ ಹಾದ ದಾರಿಯಲ್ಲಿ ಜೀವಕೋಶಗಳು ಹೊಸದಾಗಿ ಬೇರೂರಬಹುದೆಂಬ ಆತಂಕವೂ ಇದೆ. ಹರ್ನಿಯಾ ಇಲ್ಲವೆಂದು ಖಚಿತವಾಗುವ ಮೊದಲು ಯಾರೂ ಸೂಜಿ ಹಾಕಿಸಿಕೊಳ್ಳಬಾರದು, ಹಾಕಲೂಬಾರದು, ಏಕೆಂದರೆ ಗಂಟಿನೊಳಗೆ ಕರುಳಿದ್ದರೆ ಅದು ತೂತಾಗುತ್ತದೆ. ರೋಗ ಸ್ಪಷ್ಟವಾಗದಿದ್ದಾಗ, ಡೆಸ್ಮಾಯ್ಡ್ ಅಥವಾ ಕ್ಯಾನ್ಸರಿನ ಸಂದೇಹವಿದ್ದಾಗ, ಸ್ಕ್ಯಾನಿಂಗ್ ನೋಡುತ್ತಾ ದಪ್ಪ ಸೂಜಿಯಿಂದ ಚೂರು ತೆಗೆಯುವ ಬಯಾಪ್ಸಿ ಹೆಚ್ಚು ಭರವಸೆಯದು. ಎಂಡೋಮೆಟ್ರಿಯಂನ ಗ್ರಂಥಿಗಳು, ಅವುಗಳ ಸುತ್ತಲಿನ ಆಧಾರ ಅಂಗಾಂಶ, ಹಳೆಯ ರಕ್ತದ ಕಬ್ಬಿಣವನ್ನು ನುಂಗಿದ ಜೀವಕೋಶಗಳು, ಈ ಮೂರರಲ್ಲಿ ಎರಡಾದರೂ ಸೂಕ್ಷ್ಮದರ್ಶಕದಲ್ಲಿ ಕಂಡರೆ ರೋಗ ನಿಶ್ಚಯವಾದಂತೆ.

ಗುಣವಾಗುವ ದಾರಿ: ಪೂರ್ತಿ ತೆಗೆಯುವುದು

ತೊಂದರೆ ಕೊಡುತ್ತಿರುವ ಗಂಟಿಗೆ ನಿಶ್ಚಿತ ಪರಿಹಾರ ಶಸ್ತ್ರಕ್ರಿಯೆ. ಮತ್ತೆ ಬೆನ್ನಿಗೆ ಇಂಜೆಕ್ಷನ್, ಮತ್ತೆ ಹೊಲಿಗೆ ಎಂದು ಹಲವರು ಹಿಂಜರಿಯುತ್ತಾರೆ, ಆ ಹಿಂಜರಿಕೆ ಸಹಜವೂ ಹೌದು. ಆದರೆ ಗಂಟು ಚಿಕ್ಕದಿರುವಾಗ ಇದು ಸಣ್ಣ ಶಸ್ತ್ರಕ್ರಿಯೆ. ಸ್ನಾಯುವಿನೊಳಗೆ ಇಳಿದ ಮೇಲೆ ದೊಡ್ಡದಾಗುತ್ತದೆ. ನೋಡೋಣ ಎಂದು ವರ್ಷಗಳನ್ನು ನೂಕುವುದರಿಂದ ಲಾಭವಿಲ್ಲ.

ಮುಂಚಿನ ತಯಾರಿಯಲ್ಲಿ ಒಂದು ಅಂಶ ಮುಖ್ಯ. ಅರಿವಳಿಕೆ ಕೊಟ್ಟು ಸ್ನಾಯುಗಳು ಸಡಿಲವಾದ ಮೇಲೆ, ಕೊಬ್ಬು ಹೆಚ್ಚಿರುವ ಹೊಟ್ಟೆಯಲ್ಲಿ ಸಣ್ಣ ಗಂಟು ಕೈಗೆ ಸಿಗದೆ ಹೋಗುವುದುಂಟು. ಆದ್ದರಿಂದ ಮಹಿಳೆ ಎಚ್ಚರವಾಗಿರುವಾಗಲೇ, ಅವಳು ತೋರಿಸಿದ ಜಾಗವನ್ನು ಅಥವಾ ಸ್ಕ್ಯಾನಿಂಗ್ ನೋಡಿ ಕಂಡ ಜಾಗವನ್ನು ಚರ್ಮದ ಮೇಲೆ ಅಳಿಸದ ಪೆನ್ನಿನಿಂದ ಗುರುತು ಹಾಕಬೇಕು. ಮುಟ್ಟಿನ ಆಸುಪಾಸಿನಲ್ಲಿ ಗಂಟು ಉಬ್ಬಿ ಅಂಚು ಸ್ಪಷ್ಟವಾಗುತ್ತದೆಂದು ಕೆಲವು ಶಸ್ತ್ರಚಿಕಿತ್ಸಕರು ಆ ದಿನಗಳನ್ನೇ ಆರಿಸುತ್ತಾರೆ. ಗರ್ಭ ನಿಂತಿಲ್ಲವೆಂದು ಮೂತ್ರಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವುದನ್ನು ಮರೆಯಬಾರದು.

ಹಳೆಯ ಕಲೆಯ ಮೇಲೆಯೇ ಸೀಳಿ, ಗಂಟಿನೊಳಗೆ ಚಾಕು ತಾಗದಂತೆ, ಸುತ್ತಲೂ ಸುಮಾರು ಒಂದು ಸೆಂಟಿಮೀಟರ್ ಆರೋಗ್ಯವಂತ ಅಂಗಾಂಶವನ್ನೂ ಸೇರಿಸಿ ಇಡಿಯಾಗಿ ತೆಗೆಯಬೇಕು. ಸ್ನಾಯುವಿನ ಪೊರೆಗೆ ಅಂಟಿದ್ದರೆ ಆ ಪೊರೆಯ ಭಾಗವೂ, ಸ್ನಾಯುವಿಗೆ ಇಳಿದಿದ್ದರೆ ಸ್ನಾಯುವಿನ ಅಷ್ಟು ಭಾಗವೂ ಅದರೊಂದಿಗೆ ಬರಬೇಕು. ತೆಗೆದ ಗಂಟನ್ನು ಆಪರೇಷನ್ ಟೇಬಲ್ಲಿನ ಪಕ್ಕದಲ್ಲೇ ಎರಡಾಗಿ ಹೋಳು ಮಾಡಿದರೆ ಬಿಳಿ ನಾರಿನ ನಡುವೆ ಅಲ್ಲಲ್ಲಿ ಕಂದು ಚುಕ್ಕೆಗಳು, ಒಮ್ಮೊಮ್ಮೆ ಸಣ್ಣ ಗುಳಿಗಳಲ್ಲಿ ದಪ್ಪನೆಯ ಚಾಕೊಲೇಟ್ ಬಣ್ಣದ ದ್ರವ ಕಾಣುತ್ತದೆ. ತಿಂಗಳು ತಿಂಗಳೂ ಒಸರಿ ಅಲ್ಲಿಯೇ ಉಳಿದ ರಕ್ತವದು. ಕಂದು ಚುಕ್ಕೆ ಹೋಳಿನ ಅಂಚಿಗೇ ತಾಗಿದ್ದರೆ ಒಳಗೆ ಇನ್ನೂ ಉಳಿದಿದೆ ಎಂದು ತಿಳಿದು, ಗಾಯ ಮುಚ್ಚುವ ಮೊದಲೇ ಆ ಬದಿಯಲ್ಲಿ ಇನ್ನಷ್ಟು ತೆಗೆಯಬಹುದು. ಗಾಯವನ್ನು ಚೆನ್ನಾಗಿ ತೊಳೆದು, ಕೈಗವಸು ಬದಲಿಸಿ, ಬಳಿಕ ಹೊಲಿಗೆ ಹಾಕುತ್ತಾರೆ. ಪೊರೆಯಲ್ಲಿ ಉಳಿದ ತೆರಪು ದೊಡ್ಡದಾಗಿದ್ದರೆ, ಎಳೆದು ಹೊಲಿದರೆ ಹರ್ನಿಯಾ ಆಗುವ ಸಂಭವವಿರುವುದರಿಂದ, ಮೆಶ್ ಎಂಬ ಬಲೆಯನ್ನು ಕೂರಿಸಬೇಕಾಗುತ್ತದೆ. ಅದರ ಸಾಧ್ಯತೆಯ ಬಗ್ಗೆ ಮೊದಲೇ ಮಾತಾಡಿ ಒಪ್ಪಿಗೆ ಪಡೆದಿರಬೇಕು; ಸ್ತ್ರೀರೋಗ ತಜ್ಞರೂ ಸಾಮಾನ್ಯ ಶಸ್ತ್ರಚಿಕಿತ್ಸಕರೂ ಕೂಡಿ ಮಾಡಿದರೆ ಒಳ್ಳೆಯದು.

ತೆಗೆದ ಗಂಟು ಎಷ್ಟೇ ಚಿಕ್ಕದಿರಲಿ, ಪೆಥಾಲಜಿ ಪರೀಕ್ಷೆಗೆ ಹೋಗಲೇಬೇಕು. ಅಂಚುಗಳಲ್ಲಿ ರೋಗ ಉಳಿದಿಲ್ಲ ಎಂಬ ಮಾತು ವರದಿಯಲ್ಲಿದೆಯೇ ಎಂದು ಕೇಳಿ ತಿಳಿದುಕೊಂಡು, ವರದಿಯ ಪ್ರತಿಯನ್ನು ಜೋಪಾನವಾಗಿಡಬೇಕು. ಪೂರ್ತಿಯಾಗಿ ತೆಗೆದವರಲ್ಲಿ ಮತ್ತೆ ಬರುವ ಪ್ರಮಾಣ ಸುಮಾರು ಶೇ 4ರಿಂದ 5 ಎಂದು ವರದಿಯಾಗಿದೆ. ಮತ್ತೆ ಬರಲು ಮುಖ್ಯ ಕಾರಣ ಮೊದಲ ಸಲ ಸುತ್ತಲಿನ ಆರೋಗ್ಯವಂತ ಅಂಚನ್ನು ಸೇರಿಸದೆ ಬರಿಯ ಗಂಟನ್ನಷ್ಟೇ ಕಿತ್ತಿರುವುದು.

ಪೊರೆಗೆ ಹೊಲಿಗೆ ಬಿದ್ದಿದ್ದರೆ ಸುಮಾರು ಆರು ವಾರ ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರ್, ಅಕ್ಕಿ ಮೂಟೆಯಂಥ ಭಾರ ಎತ್ತಬಾರದು. ಇದನ್ನು ಮಹಿಳೆಗೆ ಮಾತ್ರ ಹೇಳಿ ಕಳಿಸಿದರೆ ನಡೆಯುವುದಿಲ್ಲ, ಮನೆಯ ಕೆಲಸ ಹಂಚಿಕೊಳ್ಳಬೇಕಾದವರ ಮುಂದೆಯೇ ಹೇಳಬೇಕು.

ಹಾರ್ಮೋನು ಚಿಕಿತ್ಸೆಯ ಮಿತಿ

ಮಾತ್ರೆಯಿಂದ ಗಂಟು ಕರಗುತ್ತದೆಯೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ಸಂತಾನ ನಿಯಂತ್ರಣದ ಸಂಯುಕ್ತ ಮಾತ್ರೆ, ದಿನಕ್ಕೆ 2 ಮಿಲಿಗ್ರಾಂ ಡೈನೋಜೆಸ್ಟ್, ತಿಂಗಳಿಗೊಮ್ಮೆ ಕೊಡುವ ಲ್ಯೂಪ್ರೊಲೈಡ್ ಇಂಜೆಕ್ಷನ್, ಇವು ಹಾರ್ಮೋನಿನ ಏರಿಳಿತವನ್ನು ತಡೆದು ನೋವನ್ನು ತಗ್ಗಿಸುತ್ತವೆ. ಆದರೆ ಸುತ್ತಲಿನ ನಾರಿನ ಗಟ್ಟಿ ಪದರ ಔಷಧಕ್ಕೆ ಬಗ್ಗುವುದಿಲ್ಲ, ಔಷಧ ನಿಲ್ಲಿಸಿದ ಮೇಲೆ ನೋವು ಮರಳುವುದೇ ಹೆಚ್ಚು. ಶಸ್ತ್ರಕ್ರಿಯೆಯನ್ನು ಕೆಲವು ತಿಂಗಳು ಮುಂದೂಡಬೇಕಾದವರಿಗೆ, ಬೇರೆ ಕಾಯಿಲೆಯಿಂದಾಗಿ ಶಸ್ತ್ರಕ್ರಿಯೆ ಸಾಧ್ಯವಿಲ್ಲದವರಿಗೆ, ಮುಟ್ಟು ನಿಲ್ಲುವ ವಯಸ್ಸು ಹತ್ತಿರವಾಗಿರುವವರಿಗೆ, ಹೊಟ್ಟೆಯೊಳಗೂ ರೋಗವಿರುವವರಿಗೆ ಈ ದಾರಿ ತಕ್ಕದ್ದು.

ಇವನ್ನು ಔಷಧದಂಗಡಿಯಿಂದ ನೇರವಾಗಿ ಕೊಂಡು ನುಂಗಬಾರದು. ರಕ್ತ ಹೆಪ್ಪುಗಟ್ಟುವ ತೊಂದರೆ ಹಿಂದೆ ಆಗಿದ್ದವರು, ಕಣ್ಣಿಗೆ ಮಿಂಚು ಹೊಡೆದಂತಾಗಿ ಬರುವ ಮೈಗ್ರೇನ್ ಇರುವವರು, ಹೆರಿಗೆಯಾಗಿ ಕೆಲವೇ ವಾರಗಳಾದ ಬಾಣಂತಿಯರು ಸಂಯುಕ್ತ ಮಾತ್ರೆ ತೆಗೆದುಕೊಳ್ಳಬಾರದು. ಡೈನೋಜೆಸ್ಟ್ ಶುರುವಾದಾಗ ಹೊತ್ತಲ್ಲದ ಹೊತ್ತಿನಲ್ಲಿ ರಕ್ತಸ್ರಾವ ಕಾಣಿಸಿಕೊಳ್ಳುವುದು ಸಾಮಾನ್ಯ. ಗರ್ಭ ತಡೆಯಲು ಅದೊಂದನ್ನೇ ನಂಬುವಂತಿಲ್ಲ. ಲ್ಯೂಪ್ರೊಲೈಡ್ ಮೈ ಬಿಸಿಯೇರಿಸುತ್ತದೆ, ಮೂಳೆಯ ಸಾಂದ್ರತೆ ಇಳಿಸುತ್ತದೆ, ಆದ್ದರಿಂದ ರಕ್ಷಣೆಯ ಹಾರ್ಮೋನು ಜೊತೆಗಿಲ್ಲದೆ ಆರು ತಿಂಗಳಿಗಿಂತ ಹೆಚ್ಚು ಕೊಡುವುದಿಲ್ಲ. ನೋವಿರುವ ದಿನಗಳಿಗಷ್ಟೇ ಮೆಫೆನಾಮಿಕ್ ಆಮ್ಲ ಅಥವಾ ಐಬುಪ್ರೊಫೆನ್ ಸಾಕಾಗಬಹುದು. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ಕೇಳಿಯೇ ತೆಗೆದುಕೊಳ್ಳಬೇಕು. ಗಂಟನ್ನು ಘನೀಕರಿಸಿ ಅಥವಾ ಕೇಂದ್ರೀಕೃತ ಅಲ್ಟ್ರಾಸೌಂಡಿನ ಶಾಖದಿಂದ ನಾಶಪಡಿಸುವ ವಿಧಾನಗಳೂ ಇವೆ, ಆದರೆ ಅವು ಕೆಲವೇ ಕೇಂದ್ರಗಳಲ್ಲಿ ನಡೆಯುತ್ತವೆ, ಪೆಥಾಲಜಿ ಪರೀಕ್ಷೆಗೆ ಇಡೀ ಗಂಟು ಅಲ್ಲಿ ಸಿಗುವುದಿಲ್ಲ.

ಕಲೆ ಬೇರೆ ಜಾಗದಲ್ಲಿದ್ದರೆ

ಸಹಜ ಹೆರಿಗೆಯಲ್ಲಿ ಯೋನಿದ್ವಾರಕ್ಕೆ ಹಾಕಿದ ಹೊಲಿಗೆಯ ಕಲೆಯಲ್ಲೂ ಇದೇ ಗಂಟು ಬರಬಹುದು. ಮುಟ್ಟಿನ ದಿನಗಳಲ್ಲಿ ಕೂರಲು ಆಗದಂಥ ನೋವು ಅದರ ಗುರುತು, ಅದನ್ನು ಬಾವು ಎಂದೋ ಫಿಸ್ಟುಲಾ (ಗುದದ ಬಳಿ ಕೀವು ಸೋರುವ ನಾಳ) ಎಂದೋ ಭಾವಿಸಿ ಚಿಕಿತ್ಸೆ ನಡೆಯುವುದುಂಟು. ಗುದದ್ವಾರವನ್ನು ಬಿಗಿಹಿಡಿಯುವ ಸ್ನಾಯು ಪಕ್ಕದಲ್ಲೇ ಇರುವುದರಿಂದ ಇಲ್ಲಿ ಶಸ್ತ್ರಕ್ರಿಯೆಗೆ ಮುಂಚೆ ಎಂಆರ್‌ಐ ಬೇಕು, ಅನುಭವಿಗಳ ಕೈಯೂ ಬೇಕು. ಆ ಸ್ನಾಯುವಿಗೆ ಪೆಟ್ಟಾದರೆ ಮಲದ ಹಿಡಿತ ತಪ್ಪುತ್ತದೆ. ಲ್ಯಾಪ್ರೊಸ್ಕೋಪಿಯ ತೂತಿನ ಕಲೆಗಳಲ್ಲಿ, ತೊಡೆಸಂದಿಯಲ್ಲಿ, ಯಾವ ಶಸ್ತ್ರಕ್ರಿಯೆಯೂ ಆಗದ ಹೊಕ್ಕುಳಲ್ಲಿ ಕೂಡ ಇದು ಕಂಡುಬಂದಿದೆ. ಮುಟ್ಟಿನ ದಿನಗಳಲ್ಲಿ ಹೊಕ್ಕುಳಿಂದ ರಕ್ತ ಬಂದರೆ ದೃಷ್ಟಿ ತೆಗೆಸುತ್ತ ಕೂರದೆ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು.

ತಡ ಮಾಡಬಾರದ ಸಂದರ್ಭಗಳು

ಗಂಟು ಒಮ್ಮೆಗೇ ಬಿಗಿದು ಒಳಗೆ ಸರಿಯದೆ, ವಾಂತಿಯಾಗಿ, ಗಾಳಿ ಹೋಗುವುದು ನಿಂತರೆ ಅದು ಸಿಕ್ಕಿಕೊಂಡ ಹರ್ನಿಯಾ ಇರಬಹುದು. ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಹೋಗಬೇಕು. ಜ್ವರ, ಕೆಂಪು, ಕೀವು ಇದ್ದರೆ ಒಂದೆರಡು ದಿನದೊಳಗೆ ತೋರಿಸಬೇಕು. ಈ ಗಂಟು ಕ್ಯಾನ್ಸರಾಗಿ ಮಾರ್ಪಡುವುದು ಶೇ 1ಕ್ಕಿಂತಲೂ ಕಡಿಮೆ, ಆದರೂ ವರ್ಷಗಳಿಂದ ಒಂದೇ ಗಾತ್ರದಲ್ಲಿದ್ದದ್ದು ತಿಂಗಳುಗಳಲ್ಲಿ ಬೆಳೆದರೆ, ಮೇಲಿನ ಚರ್ಮ ಹುಣ್ಣಾದರೆ, ಮುಟ್ಟು ನಿಂತ ಮೇಲೆ ಇಳಿಯುವ ಬದಲು ಹೆಚ್ಚಿದರೆ ಕಾಯದೆ ಬಯಾಪ್ಸಿ ಮಾಡಿಸಬೇಕು. ಶಸ್ತ್ರಕ್ರಿಯೆಯ ನಂತರವೂ ಕಲೆಯ ಮೇಲೆ ಆಗಾಗ ಬೆರಳಾಡಿಸಿ ನೋಡಿಕೊಳ್ಳುತ್ತಾ, ಹೊಸ ಗಂಟು ಅಥವಾ ಹಳೆಯ ನೋವು ಕಂಡರೆ ಕ್ಯಾಲೆಂಡರಿನ ಗುರುತು ಮತ್ತೆ ಶುರು ಮಾಡಬೇಕು.

ಮುಂದಿನ ಗರ್ಭಧಾರಣೆಗೆ ಇದು ಅಡ್ಡಿಯಲ್ಲ. ಹೊಟ್ಟೆಯ ಪದರಗಳು ಕೂಡಿಕೊಳ್ಳಲು ಎಷ್ಟು ತಿಂಗಳು ಬಿಡಬೇಕೆಂದು, ವಿಶೇಷವಾಗಿ ಮೆಶ್ ಹಾಕಿದ್ದರೆ, ಶಸ್ತ್ರಕ್ರಿಯೆ ಮಾಡಿದವರನ್ನೇ ಕೇಳಬೇಕು. ಮತ್ತೆ ಸಿಸೇರಿಯನ್ ಆಗುವುದಾದರೆ ಹಿಂದಿನ ಈ ರೋಗದ ವಿಷಯವನ್ನು ದಾಖಲಾಗುವಾಗಲೇ ತಿಳಿಸಬೇಕು. ಗರ್ಭಕೋಶದ ಒಳಗನ್ನು ಒರೆಸಿದ ಬಟ್ಟೆಯನ್ನು ಗಾಯದ ಅಂಚಿಗೆ ತಾಗಿಸದಿರುವುದು, ಗರ್ಭಕೋಶ ಹೊಲಿದ ಸೂಜಿಯಿಂದ ಮೇಲಿನ ಪದರಗಳನ್ನು ಹೊಲಿಯದಿರುವುದು, ಮುಚ್ಚುವ ಮೊದಲು ಗಾಯವನ್ನು ಸಲೈನಿನಿಂದ ತೊಳೆಯುವುದು, ಇವುಗಳಿಂದ ಎಷ್ಟು ಪ್ರಯೋಜನವೆಂಬುದು ದೊಡ್ಡ ಅಧ್ಯಯನಗಳಿಂದ ಸಿದ್ಧವಾಗಿಲ್ಲ, ಆದರೆ ಇವಕ್ಕೆ ಹಿಡಿಯುವ ಸಮಯ ಕೆಲವೇ ನಿಮಿಷ. ಇಷ್ಟನ್ನು ಪ್ರತಿಯೊಂದು ಸಿಸೇರಿಯನ್‌ನಲ್ಲೂ ಪಾಲಿಸಬೇಕೆಂದು ಹೆರಿಗೆ ಮಾಡಿಸುವ ವೈದ್ಯರಲ್ಲಿ ನನ್ನ ಬಿನ್ನಹ.